ಮಾರಿಯಾ ಚಂಡಮಾರುತ: ಪದೇ ಪದೇ ಕೇಳುವ ಪ್ರಶ್ನೆಗಳು

2017ರ ಸೆಪ್ಟೆಂಬರಿನಲ್ಲಿ ಕೆರಿಬಿಯನ್ ದ್ವೀಪಗಳನ್ನು ಸೀಳಿಕೊಂಡು ಹೋದ ಮಾರಿಯಾ ಚಂಡಮಾರುತದ ಮಾತು ಬಂದಾಗಲೆಲ್ಲ ಅವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಸತ್ತವರು 64 ಜನವೋ, ಮೂರು ಸಾವಿರವೋ? ಅಮೆರಿಕದಂಥ ದೇಶದಲ್ಲಿ ಕರೆಂಟು ಬರಲು ಹನ್ನೊಂದು ತಿಂಗಳು ಹಿಡಿಯಿತು ಎಂದರೆ ನಂಬುವುದು ಹೇಗೆ? ಭಾರತದ ಮಂಗಗಳು ಅಲ್ಲಿಗೆ ಹೋದದ್ದು ಯಾವಾಗ? ಎಲ್ಲಕ್ಕೂ ಒಂದೇ ಕಡೆ ಉತ್ತರ ಸಿಗಲಿ ಎಂದು ಈ ಪಟ್ಟಿ. ಕೆಲವು ಪ್ರಶ್ನೆಗಳಿಗೆ ಎರಡು ಸಾಲು ಸಾಕು, ಕೆಲವಕ್ಕೆ ಪುಟ ಬೇಕು.

ಹರಿಕೇನ್ ಬೇರೆ, ಸೈಕ್ಲೋನ್ ಬೇರೆಯೇ?

ಎರಡೂ ಒಂದೇ. ಅಟ್ಲಾಂಟಿಕ್‌ನಲ್ಲಿ ಹುಟ್ಟಿದರೆ ಹರಿಕೇನ್, ಚೀನಾ-ಜಪಾನ್ ಕಡೆ ಹುಟ್ಟಿದರೆ ಟೈಫೂನ್, ನಮ್ಮ ಬಂಗಾಳ ಕೊಲ್ಲಿಯಲ್ಲೋ ಅರಬ್ಬಿ ಸಮುದ್ರದಲ್ಲೋ ಹುಟ್ಟಿದರೆ ಸೈಕ್ಲೋನ್. ಕನ್ನಡದಲ್ಲಿ ಎಲ್ಲವೂ ಚಂಡಮಾರುತವೇ. ಹರಿಕೇನ್ ಎಂಬ ಪದ ಬಂದದ್ದು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ಟೈನೊ ಜನರ ‘ಹುರಕಾನ್’ ಎಂಬ ಮಾತಿನಿಂದ, ಸ್ಪ್ಯಾನಿಷ್ ಮೂಲಕ.

ಅಂಕಿಗಳನ್ನು ಹೋಲಿಸುವಾಗ ಮಾತ್ರ ಒಂದು ಎಚ್ಚರ ಬೇಕು. ಅಮೆರಿಕದವರು ಗಾಳಿಯ ವೇಗವನ್ನು ಒಂದು ನಿಮಿಷದ ಸರಾಸರಿಯಲ್ಲಿ ಹೇಳುತ್ತಾರೆ, ನಮ್ಮ ಹವಾಮಾನ ಇಲಾಖೆ ಮೂರು ನಿಮಿಷದ ಸರಾಸರಿಯಲ್ಲಿ. ಹಾಗಾಗಿ ಒಂದೇ ಗಾಳಿ ಅವರ ಲೆಕ್ಕದಲ್ಲಿ ತುಸು ಜೋರಾಗಿ ಕಾಣುತ್ತದೆ. ಟಿವಿಯಲ್ಲಿ ‘ನಮ್ಮದಕ್ಕಿಂತ ಅವರದ್ದು ದೊಡ್ಡದು’ ಎಂದು ಕೂಗುವವರಿಗೆ ಇದು ನೆನಪಿರುವುದಿಲ್ಲ.

ಮಾರಿಯಾ ಯಾವ ದಾರಿಯಲ್ಲಿ ಬಂತು?

ಸೆಪ್ಟೆಂಬರ್ 16ರಂದು ಪೂರ್ವ ಕೆರಿಬಿಯನ್ ದ್ವೀಪಗಳ ಆಚೆ, ಅಟ್ಲಾಂಟಿಕ್‌ನಲ್ಲಿ ಹೆಸರು ಪಡೆಯಿತು. 18ರ ರಾತ್ರಿ ಸುಮಾರು 9.15ಕ್ಕೆ ಡೊಮಿನಿಕಾ ದ್ವೀಪಕ್ಕೆ ಅಪ್ಪಳಿಸಿತು. ಆಗ ಗಾಳಿಯ ವೇಗ ಗಂಟೆಗೆ ಸುಮಾರು 270 ಕಿ.ಮೀ., ಅಂದರೆ ಅತ್ಯುನ್ನತವಾದ 5ನೇ ವರ್ಗ. ಗ್ವಾಡೆಲೂಪ್ ದ್ವೀಪದ ಬಾಳೆತೋಟಗಳನ್ನು ಮಲಗಿಸಿ, ಸೇಂಟ್ ಕ್ರೋಯ್ ದ್ವೀಪವನ್ನು ಸವರಿಕೊಂಡು, 20ರ ಬೆಳಿಗ್ಗೆ 6.15ಕ್ಕೆ ಅಮೆರಿಕಕ್ಕೆ ಸೇರಿದ ಪೋರ್ಟೊ ರಿಕೊ ದ್ವೀಪದ ಆಗ್ನೇಯ ಮೂಲೆಯ ಯಾಬುಕೋವಾ ಬಳಿ ನೆಲ ಮುಟ್ಟಿತು. ಅಲ್ಲಿ ಅದು 4ನೇ ವರ್ಗದ ಚಂಡಮಾರುತ, ವೇಗ ಸುಮಾರು 250 ಕಿ.ಮೀ. ದ್ವೀಪವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ಮಧ್ಯಾಹ್ನದ ಹೊತ್ತಿಗೆ ಉತ್ತರ ಕರಾವಳಿಯಿಂದ ಕಡಲಿಗಿಳಿಯಿತು.

5ರಿಂದ 4ಕ್ಕೆ ಇಳಿದದ್ದು ಪೋರ್ಟೊ ರಿಕೊದ ಅದೃಷ್ಟ ಅಲ್ಲವೇ?

ಕಾಗದದ ಮೇಲೆ ಹೌದು. ಆದರೆ ಇಳಿಯುವ ಮುನ್ನ ಚಂಡಮಾರುತದ ಕಣ್ಣು, ಅಂದರೆ ನಡುವಿನ ಶಾಂತ ಜಾಗ, ತನ್ನ ಸುತ್ತಲಿನ ಜೋರು ಗಾಳಿಯ ಹಳೆಯ ಗೋಡೆ ಕಳಚಿ ಹೊಸ ಗೋಡೆ ಕಟ್ಟಿಕೊಂಡಿತ್ತು. ಕಣ್ಣಿನ ಅಗಲ ಮೂರು ಪಟ್ಟಾಯಿತು. ತುದಿಯ ವೇಗ ಸ್ವಲ್ಪ ತಗ್ಗಿತು, ಜೋರು ಗಾಳಿ ಬೀಸುವ ಪ್ರದೇಶ ಮಾತ್ರ ಹಿಗ್ಗಿತು. ಚೂಪು ಮೊಳೆಯ ಬದಲು ಅಗಲವಾದ ಸುತ್ತಿಗೆ ಬಿದ್ದ ಹಾಗೆ. ವರ್ಗದ ಸಂಖ್ಯೆಯೊಂದನ್ನೇ ನೋಡಿ ಸಮಾಧಾನ ಪಟ್ಟುಕೊಳ್ಳಬಾರದು ಎನ್ನುವುದು ಇದಕ್ಕೇ. ಆ ಸಂಖ್ಯೆ ಗಾಳಿಯ ವೇಗವನ್ನಷ್ಟೇ ಹೇಳುತ್ತದೆ. ಮಳೆ ಎಷ್ಟು, ಕಡಲು ಎಷ್ಟು ಉಕ್ಕುತ್ತದೆ, ಗಾಳಿ ಎಷ್ಟು ಊರುಗಳಿಗೆ ತಾಗುತ್ತದೆ ಎಂಬುದಕ್ಕೆ ಅದರಲ್ಲಿ ಜಾಗವೇ ಇಲ್ಲ.

ಡೊಮಿನಿಕಾ ಎಂದರೆ ಡೊಮಿನಿಕನ್ ರಿಪಬ್ಲಿಕ್ ತಾನೆ?

ಅಲ್ಲ. ಡೊಮಿನಿಕನ್ ರಿಪಬ್ಲಿಕ್ ಕೋಟಿಗೂ ಹೆಚ್ಚು ಜನರಿರುವ, ಸ್ಪ್ಯಾನಿಷ್ ಆಡುವ ದೊಡ್ಡ ದೇಶ. ಡೊಮಿನಿಕಾ ಸುಮಾರು 750 ಚದರ ಕಿ.ಮೀ.ಯ ಪುಟ್ಟ ದ್ವೀಪ, ಹೆಚ್ಚುಕಡಿಮೆ ಬೆಂಗಳೂರು ನಗರದಷ್ಟು ಜಾಗ. ಜನ ಮಾತ್ರ ಎಪ್ಪತ್ತು ಸಾವಿರದ ಆಸುಪಾಸು. ಅಷ್ಟು ಚಿಕ್ಕ ನೆಲದ ಮೇಲೆ 1,447 ಮೀಟರ್ ಎತ್ತರದ ಶಿಖರವಿದೆ, ದಟ್ಟ ಕಾಡಿದೆ. ವರ್ಷಕ್ಕೆ ದಿನಕ್ಕೊಂದರಂತೆ 365 ನದಿಗಳಿವೆ ಎಂದು ಅಲ್ಲಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಕಡಿದಾದ ಗುಡ್ಡ, ಕೆಳಗೆ ಹೊಳೆ, ಹೊಳೆ ಕಡಲು ಸೇರುವ ಅಳಿವೆಯ ಪಕ್ಕದಲ್ಲೇ ಊರು. ಸಹ್ಯಾದ್ರಿಯ ಕೆಳಗಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ: ಬೆಟ್ಟದಲ್ಲಿ ಬಿದ್ದ ಮಳೆ ಗಂಟೆಯೊಳಗೆ ಅಂಗಳಕ್ಕೆ ಬರುತ್ತದೆ.

ಅಲ್ಲಿನ ಪ್ರಧಾನಿಯ ಮನೆಯ ಮಾಡೇ ಹಾರಿಹೋಯಿತು ಎಂಬುದು ನಿಜವೇ?

ನಿಜ. ಪ್ರಧಾನಿ ರೂಸ್‌ವೆಲ್ಟ್ ಸ್ಕೆರಿಟ್ ಆ ರಾತ್ರಿ ಫೇಸ್‌ಬುಕ್‌ನಲ್ಲಿ ಬರೆಯುತ್ತ ಹೋದರು. ಹೊರಗೆ ಏನಾಗುತ್ತಿದೆಯೋ ಗೊತ್ತಿಲ್ಲ, ನೋಡುವ ಧೈರ್ಯವೂ ಇಲ್ಲ, ಕೇಳಿಸುತ್ತಿರುವುದು ತಗಡು ಹಾರುವ ಸದ್ದೊಂದೇ ಎಂದು ಮೊದಲು ಬರೆದರು. ಆಮೇಲೆ: ‘ನನ್ನ ಮನೆಯ ಮಾಡು ಹೋಯಿತು. ನಾನು ಪೂರ್ತಿ ಚಂಡಮಾರುತದ ಕೃಪೆಯಲ್ಲಿದ್ದೇನೆ. ಮನೆಯೊಳಗೆ ನೀರು ತುಂಬುತ್ತಿದೆ.’ ಕೊನೆಗೆ ತನ್ನನ್ನು ರಕ್ಷಿಸಿದ್ದಾರೆ ಎಂಬ ಚುಟುಕು ಸಾಲು. ಅದಾದ ಮೇಲೆ ದ್ವೀಪದ ಸಂಪರ್ಕ ಕಡಿದುಹೋಯಿತು.

ಪ್ರಧಾನಿಯ ಮನೆಯ ಗತಿ ಇದಾದರೆ ಉಳಿದವರದು? ದ್ವೀಪದ ಹತ್ತರಲ್ಲಿ ಒಂಬತ್ತು ಮನೆಗಳ ಮಾಡಿಗೆ ಏಟು ಬಿದ್ದಿತ್ತು. ಅಲ್ಲಿನ ಹೆಚ್ಚಿನ ಮನೆಗಳಿಗೆ ಹೊದಿಸಿದ್ದು ಸತುವಿನ ಲೇಪದ ತಗಡು. ಮಾಡು ಹಾರುವ ರೀತಿಯನ್ನು ನಮ್ಮ ಕಡೆ ಮುಂಗಾರಿಗೆ ಮುಂಚಿನ ಗಾಳಿಯಲ್ಲಿ ಶೀಟು ಕಳೆದುಕೊಂಡವರು ಬಲ್ಲರು. ಗಾಳಿ ಮಾಡನ್ನು ತಳ್ಳುವುದಕ್ಕಿಂತ ಮೇಲಕ್ಕೆ ಎಳೆಯುವುದೇ ಹೆಚ್ಚು. ಮೊದಲು ಸೂರಿನ ಅಂಚಿನ ಒಂದು ಮೊಳೆ ಸಡಿಲುತ್ತದೆ, ತಗಡು ಬಡಿದುಕೊಳ್ಳಲು ಶುರುವಾಗುತ್ತದೆ, ಪಕ್ಕದ ಮೊಳೆ ಕೀಳುತ್ತದೆ. ಇಷ್ಟರಲ್ಲಿ ಕಿಟಕಿ ಒಡೆದು ಒಳಗೂ ಗಾಳಿ ಹೊಕ್ಕರೆ ಮೇಲಿನಿಂದ ಎಳೆತ, ಕೆಳಗಿನಿಂದ ಒತ್ತಡ. ಮತ್ತೆ ಹಾಳೆ ಹಾಳೆಯಾಗಿ ಎದ್ದು ಹೋಗುತ್ತದೆ. ಹಾರಿದ ತಗಡು ಸುಮ್ಮನೆ ಹೋಗುವುದಿಲ್ಲ; ಪಕ್ಕದ ಮನೆಗೆ ಅದೇ ಕತ್ತಿ.

ಆಮೇಲಿನ ಕಟ್ಟೋಣದಲ್ಲಿ ಡೊಮಿನಿಕಾ ಒತ್ತು ಕೊಟ್ಟದ್ದು ಈ ಚಿಕ್ಕ ಸಂಗತಿಗಳಿಗೇ: ಮೊಳೆಯ ಬದಲು ಸ್ಕ್ರೂ, ಪಕಾಸಿಯನ್ನು ಗೋಡೆಗೆ ಬಿಗಿಯುವ ಕಬ್ಬಿಣದ ಪಟ್ಟಿ, ಎರಡು ಇಳಿಜಾರಿನ ಬದಲು ನಾಲ್ಕೂ ಕಡೆ ಇಳಿಯುವ ಮಾಡು, ಕಡಿಮೆ ಚಾಚಿದ ಸೂರು.

ಒಂದೇ ದಿನದಲ್ಲಿ ಅಷ್ಟು ಬಲ ಬಂದದ್ದು ಹೇಗೆ? ಮುನ್ಸೂಚನೆ ಇರಲಿಲ್ಲವೇ?

ದಾರಿಯ ಮುನ್ಸೂಚನೆ ಚೆನ್ನಾಗಿಯೇ ಇತ್ತು. ಬಲದ ವಿಷಯದಲ್ಲಿ ಮಾರಿಯಾ ಎಲ್ಲರನ್ನೂ ಓಡಿ ಹಿಂದಿಕ್ಕಿತು. 17ರ ಸಂಜೆಗೆ ಅದು 1ನೇ ವರ್ಗದ ಚಂಡಮಾರುತ, 18ರ ಸಂಜೆಗೆ 5ನೇ ವರ್ಗ. ಬಿಸಿಯಾದ ಕಡಲು, ಮೇಲಿನ ಗಾಳಿಯ ಅಡ್ಡಗಾಲಿಲ್ಲದ ಆಕಾಶ, ತೀರಾ ಚಿಕ್ಕದಾದ ಬಿಗಿ ಕಣ್ಣು: ಮೂರೂ ಒಟ್ಟಿಗೆ ಸಿಕ್ಕರೆ ಹೀಗಾಗುತ್ತದೆ. ಬೆಳಿಗ್ಗೆ ರೇಡಿಯೊ ಕೇಳಿ ‘ಇದನ್ನು ತಡೆದುಕೊಳ್ಳಬಹುದು’ ಎಂದುಕೊಂಡವನಿಗೆ ರಾತ್ರಿ ಬಂದದ್ದು ಬೇರೆಯೇ ಪ್ರಾಣಿ.

ಡೊಮಿನಿಕಾಗೆ ಆದ ನಷ್ಟ ಎಷ್ಟು?

ಸುಮಾರು 130 ಕೋಟಿ ಡಾಲರ್. ಕೇಳಲು ಅಷ್ಟೇನೂ ದೊಡ್ಡದೆನಿಸದು. ಆದರೆ ಆ ದೇಶದ ಇಡೀ ವರ್ಷದ ಒಟ್ಟು ಉತ್ಪನ್ನದ 226 ಶೇಕಡಾ ಅದು. ಎರಡೂಕಾಲು ವರ್ಷ ಇಡೀ ದೇಶ ದುಡಿದದ್ದು ಒಂದು ರಾತ್ರಿಗೆ ಹೋಯಿತು. ಅದಕ್ಕೆ ಎರಡೇ ವರ್ಷ ಹಿಂದೆ, 2015ರ ಆಗಸ್ಟಿನಲ್ಲಿ, ಎರಿಕಾ ಎಂಬ ಬಿರುಗಾಳಿ ಮಳೆ ಸುರಿಸಿ ಉತ್ಪನ್ನದ 90 ಶೇಕಡಾದಷ್ಟು ನಷ್ಟ ಮಾಡಿತ್ತು. ಆ ಸಾಲ ತೀರುವ ಮುಂಚೆಯೇ ಇದು.

ಸತ್ತವರು ಮತ್ತು ಕಾಣೆಯಾದವರು ಸೇರಿ 65. ದ್ವೀಪದ ಜನಸಂಖ್ಯೆಯ ಜೊತೆ ಇಟ್ಟು ನೋಡಿ: ಇದೇ ಪ್ರಮಾಣದಲ್ಲಿ ಕರ್ನಾಟಕದಲ್ಲಿ ಸತ್ತಿದ್ದರೆ ಲೆಕ್ಕ ಐವತ್ತು ಸಾವಿರ ದಾಟುತ್ತಿತ್ತು.

ಪೋರ್ಟ್ಸ್‌ಮತ್ ಪಟ್ಟಣದಲ್ಲಿದ್ದ ರಾಸ್ ವೈದ್ಯಕೀಯ ವಿಶ್ವವಿದ್ಯಾಲಯವೂ ಊರು ಬಿಟ್ಟಿತು. ಪಾಠ ಸ್ವಲ್ಪ ದಿನ ಸೇಂಟ್ ಕಿಟ್ಸ್‌ನಲ್ಲಿ ಲಂಗರು ಹಾಕಿದ ಹಡಗಿನಲ್ಲಿ, ಆಮೇಲೆ ಅಮೆರಿಕದ ಟೆನೆಸಿಯಲ್ಲಿ ನಡೆದು, 2019ರಲ್ಲಿ ಕಾಲೇಜು ಬಾರ್ಬಡೋಸ್‌ಗೆ ಕಾಯಂ ಹೋಯಿತು. ವಿದ್ಯಾರ್ಥಿಗಳನ್ನೇ ನಂಬಿದ್ದ ಬಾಡಿಗೆ ಮನೆ, ಹೋಟೆಲು, ಅಂಗಡಿಗಳಿಗೆ ಅದು ಎರಡನೇ ಚಂಡಮಾರುತ.

ಪೋರ್ಟೊ ರಿಕೊ ಅಮೆರಿಕದ್ದೇ ತಾನೆ? ಮತ್ತೆ ಅಷ್ಟು ಕಷ್ಟ ಏಕೆ?

ಅಮೆರಿಕದ್ದು ಹೌದು, ಅಮೆರಿಕದ ರಾಜ್ಯ ಅಲ್ಲ. 1898ರಲ್ಲಿ ಸ್ಪೇನ್‌ನಿಂದ ಕೈಗೆ ಬಂದ ಪ್ರದೇಶ. 1917ರಿಂದ ಅಲ್ಲಿನವರು ಅಮೆರಿಕದ ಪ್ರಜೆಗಳು. ಆದರೆ ದ್ವೀಪದಲ್ಲಿ ಇರುವಷ್ಟು ದಿನ ಅಧ್ಯಕ್ಷರ ಚುನಾವಣೆಗೆ ಓಟಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ತುಸು ಚಿಕ್ಕದಾದ ಜಾಗದಲ್ಲಿ ಆಗ 33 ಲಕ್ಷ ಜನರಿದ್ದರು.

ಮಾರಿಯಾ ಬರುವ ಹೊತ್ತಿಗೆ ಸರ್ಕಾರದ ಖಜಾನೆ ಖಾಲಿಯಾಗಿ, 70 ಶತಕೋಟಿ ಡಾಲರಿಗೂ ಮಿಕ್ಕಿದ ಸಾಲಕ್ಕೆ ಕೈಯೆತ್ತಿ ಆಗಿತ್ತು. ವಿದ್ಯುತ್ ಮಂಡಳಿ ಅದೇ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಎರಡು ವಾರ ಮೊದಲು ಇರ್ಮಾ ಎಂಬ ಇನ್ನೊಂದು ಚಂಡಮಾರುತ ಪಕ್ಕದಲ್ಲೇ ಹಾದುಹೋಗಿ ಹಲವರ ಮನೆಯ ಕರೆಂಟು ಕಿತ್ತಿತ್ತು. ಮೇಲಾಗಿ ಅಮೆರಿಕದ ಬಂದರಿನಿಂದ ಅಮೆರಿಕದ ಬಂದರಿಗೆ ಸರಕು ಸಾಗಿಸಲು ಅಮೆರಿಕದಲ್ಲೇ ಕಟ್ಟಿದ ಹಡಗೇ ಬೇಕೆನ್ನುವ 1920ರ ಕಾನೂನು. ಅದನ್ನು ಸೆಪ್ಟೆಂಬರ್ 28ರಂದು ಸಡಿಲಿಸಿದರು, ಹತ್ತೇ ದಿನಕ್ಕೆ. ಅಷ್ಟರಲ್ಲಿ ರಾಜಧಾನಿ ಸಾನ್ ಹ್ವಾನ್‌ನ ಬಂದರಿನಲ್ಲಿ ಸಾವಿರಾರು ಕಂಟೇನರ್ ಸರಕು ಬಂದು ಬಿದ್ದಿತ್ತು. ಹೊತ್ತೊಯ್ಯಲು ಲಾರಿಗೆ ಡೀಸೆಲ್ ಇಲ್ಲ, ಚಾಲಕರನ್ನು ಕರೆಯಲು ಫೋನಿಲ್ಲ, ದಾರಿಯಲ್ಲಿ ಮರ, ಮಣ್ಣು.

ಅಧ್ಯಕ್ಷ ಟ್ರಂಪ್ ಅಕ್ಟೋಬರ್ 3ರಂದು ಬಂದು ನೆರೆದ ಜನರತ್ತ ಪೇಪರ್ ಟವೆಲಿನ ಸುರುಳಿಗಳನ್ನು ಎಸೆದ ವಿಡಿಯೊವನ್ನು ಅನೇಕರು ನೋಡಿರುತ್ತೀರಿ. ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದೇ ಭೇಟಿಯಲ್ಲಿ ಅವರು ಆಡಿದ ಇನ್ನೊಂದು ಮಾತು ಮುಖ್ಯ, ಅದು ಸಾವಿನ ಲೆಕ್ಕದ ಪ್ರಶ್ನೆಯಲ್ಲಿ ಬರುತ್ತದೆ.

ಕರೆಂಟು ಬರಲು ನಿಜವಾಗಿಯೂ ಹನ್ನೊಂದು ತಿಂಗಳು ಹಿಡಿಯಿತೇ?

ಕೊನೆಯ ಮನೆಗಳಿಗೆ ಹಿಡಿಯಿತು. ಸೆಪ್ಟೆಂಬರ್ 20ರಂದು ಇಡೀ ದ್ವೀಪದ ಸುಮಾರು 15 ಲಕ್ಷ ಗ್ರಾಹಕರಿಗೂ ಒಂದೇ ಸಲ ಕತ್ತಲು. ಗುಡ್ಡಗಾಡಿನ ಕೊನೆಯ ಮನೆಗಳಿಗೆ ದೀಪ ಬಂದದ್ದು 2018ರ ಆಗಸ್ಟಿನಲ್ಲಿ. ಅಮೆರಿಕದ ಇತಿಹಾಸದಲ್ಲೇ ಅಷ್ಟು ದೀರ್ಘ ಕತ್ತಲು ಬೇರೊಂದಿಲ್ಲ.

ಕಾರಣ ಭೂಪಟ ನೋಡಿದರೆ ಅರ್ಧ ತಿಳಿಯುತ್ತದೆ. ದೊಡ್ಡ ವಿದ್ಯುತ್ ಸ್ಥಾವರಗಳು ದಕ್ಷಿಣ ತೀರದಲ್ಲಿ. ಕರೆಂಟು ಬೇಕಾದದ್ದು ಉತ್ತರದ ಸಾನ್ ಹ್ವಾನ್ ಕಡೆ. ನಡುವೆ ಪರ್ವತ ಸಾಲು. ತಂತಿಗಳು ಕಾಡು ಕಣಿವೆ ದಾಟಿ ಬರಬೇಕು, ಕೆಲವು ಗೋಪುರಗಳ ಬುಡಕ್ಕೆ ರಸ್ತೆಯೇ ಇಲ್ಲ. ಸ್ಥಾವರಗಳಿಗಿಂತ ಹೆಚ್ಚಾಗಿ ನೆಲಕಚ್ಚಿದ್ದು ಈ ಕಂಬ, ತಂತಿಗಳೇ. ಮಂಡಳಿ ವರ್ಷಗಟ್ಟಲೆ ಮರ ಸವರಿರಲಿಲ್ಲ, ಬಿಡಿಭಾಗ ದಾಸ್ತಾನು ಇರಲಿಲ್ಲ. ದುರಸ್ತಿಗೆ ಮೊದಲು ಕರೆದದ್ದು ಮೊಂಟಾನಾದ ಒಂದು ಸಣ್ಣ ಕಂಪನಿಯನ್ನು, 30 ಕೋಟಿ ಡಾಲರ್ ಗುತ್ತಿಗೆಗೆ. ಚಂಡಮಾರುತ ಬಂದ ದಿನ ಆ ಕಂಪನಿಗೆ ಇದ್ದ ಪೂರ್ಣಾವಧಿ ನೌಕರರು ಇಬ್ಬರು. ಗಲಾಟೆಯಾಗಿ ಗುತ್ತಿಗೆ ರದ್ದಾಯಿತು.

ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡ 3,299 ಮನೆಗಳಿಗೆ ಹೋಗಿ ಕೇಳಿತು. ಒಂದು ಮನೆ ಸರಾಸರಿ 84 ದಿನ ಕರೆಂಟಿಲ್ಲದೆ, 68 ದಿನ ನೀರಿಲ್ಲದೆ, 41 ದಿನ ಮೊಬೈಲ್ ಸಿಗ್ನಲ್ ಇಲ್ಲದೆ ಕಳೆದಿತ್ತು. ಮೊದಲ ದಿನ ನೂರರಲ್ಲಿ 95 ಮೊಬೈಲ್ ಟವರ್‌ಗಳು ಸತ್ತಿದ್ದವು. ಹೆದ್ದಾರಿಯಲ್ಲಿ ಎಲ್ಲೋ ಒಂದು ಕಡೆ ಸಿಗ್ನಲ್ ಸಿಗುತ್ತದೆ ಎಂದು ಗೊತ್ತಾದರೆ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಜನ ಇಳಿದು ಫೋನನ್ನು ಆಕಾಶಕ್ಕೆ ಹಿಡಿದು ‘ಬದುಕಿದ್ದೇವೆ’ ಎಂದು ಹೇಳಲು ಪರದಾಡುತ್ತಿದ್ದರು.

ಕರೆಂಟಿಲ್ಲ ಎಂದರೆ ನಮಗೆ ಮೊದಲು ಹೊಳೆಯುವುದು ಫ್ಯಾನು, ದೀಪ. ಸಕ್ಕರೆ ಕಾಯಿಲೆಯ ಮನೆಯಲ್ಲಿ ಯೋಚನೆ ಬೇರೆ. ಇನ್ಸುಲಿನ್ ಸೀಸೆ ಫ್ರಿಜ್ಜಿನಲ್ಲಿರಬೇಕು. ಫ್ರಿಜ್ಜಿಲ್ಲ, ಹಾಗಾಗಿ ಥರ್ಮೋಕೋಲ್ ಪೆಟ್ಟಿಗೆ, ಅದಕ್ಕೆ ಐಸು. ಐಸಿಗೆ ಬೆಳಗಿನ ಜಾವದಿಂದ ಕ್ಯೂ. ಸಿಕ್ಕ ಐಸು ಆ ಸೆಕೆಗೆ ಸಂಜೆಯೊಳಗೆ ನೀರು. ಮರುದಿನ ಮತ್ತೆ ಕ್ಯೂ. ಇದು ಒಂದು ದಿನ ಎರಡು ದಿನದ ಕಥೆಯಲ್ಲ, 84 ದಿನ. ಡಯಾಲಿಸಿಸ್ ಕೇಂದ್ರ ಜನರೇಟರ್ ಮೇಲೆ ನಿಂತಿತ್ತು, ಜನರೇಟರ್ ಡೀಸೆಲ್ ಮೇಲೆ. ರಾತ್ರಿ ಉಸಿರಾಟದ ಯಂತ್ರ ಹಾಕಿಕೊಂಡು ಮಲಗುವ ಮುದುಕರಿಗೆ ಪಕ್ಕದ ಮನೆಯ ಜನರೇಟರ್ ಆರಿದರೆ ಮುಗಿಯಿತು.

ಆದುಂತಾಸ್ ಎಂಬ ಬೆಟ್ಟದೂರಿನಲ್ಲಿ ಕಾಸಾ ಪ್ವೆಬ್ಲೊ ಎಂಬ ಊರವರದೇ ಸಂಸ್ಥೆಯೊಂದಿದೆ. ಅದರ ಮಾಡಿನ ಮೇಲೆ 1999ರಿಂದಲೇ ಸೌರ ಫಲಕಗಳಿದ್ದವು. ಸುತ್ತ ಎಲ್ಲ ಕತ್ತಲಾದಾಗ ಆ ಗುಲಾಬಿ ಬಣ್ಣದ ಮನೆಯೊಂದರಲ್ಲಿ ದೀಪ ಉರಿಯಿತು. ಜನ ಯಂತ್ರ, ಫೋನು ಹೊತ್ತು ಅಲ್ಲಿಗೆ ನಡೆದು ಬಂದರು. ಸಂಸ್ಥೆ ಸಾವಿರಾರು ಸೌರ ಲಾಂದ್ರ ಹಂಚಿತು.

ಸತ್ತವರು ಎಷ್ಟು? ಒಂದೊಂದು ಕಡೆ ಒಂದೊಂದು ಸಂಖ್ಯೆ ಏಕಿದೆ?

ಟ್ರಂಪ್ ಬಂದ ದಿನ ಅಧಿಕೃತ ಲೆಕ್ಕ 16. 2005ರ ಕತ್ರಿನಾ ಚಂಡಮಾರುತದಂಥ ‘ನಿಜವಾದ ದುರಂತ’ದಲ್ಲಿ ಸಾವಿರಾರು ಜನ ಸತ್ತಿದ್ದರು, ನಿಮ್ಮಲ್ಲಿ 16 ಮಾತ್ರ, ಹೆಮ್ಮೆಪಡಿ ಎಂಬ ಧಾಟಿಯಲ್ಲಿ ಅವರು ಮಾತಾಡಿದರು. ಅವರು ವಿಮಾನ ಹತ್ತಿದ ಮೇಲೆ ಅದು 34 ಆಯಿತು. ಡಿಸೆಂಬರ್ ಹೊತ್ತಿಗೆ 64. ಅಲ್ಲಿಗೆ ನಿಂತುಬಿಟ್ಟಿತು, ತಿಂಗಳುಗಟ್ಟಲೆ.

ನಿಂತದ್ದು ಏಕೆಂದರೆ ಎಣಿಸುತ್ತಿದ್ದದ್ದು ಕಣ್ಣಿಗೆ ಕಂಡ ಸಾವು ಮಾತ್ರ: ಮುಳುಗಿದವರು, ಗುಡ್ಡ ಕುಸಿದು ಹೂತುಹೋದವರು, ಹಾರಿ ಬಂದ ವಸ್ತು ತಾಗಿದವರು. ಐಸು ಸಿಗದೆ ಇನ್ಸುಲಿನ್ ಕೆಟ್ಟು ಸತ್ತವರ ಮರಣಪತ್ರದಲ್ಲಿ ‘ಮಧುಮೇಹ’ ಎಂದಿರುತ್ತದೆ. ಆಕ್ಸಿಜನ್ ಯಂತ್ರ ನಿಂತು ಸತ್ತರೆ ‘ಶ್ವಾಸಕೋಶದ ಕಾಯಿಲೆ’. ದುರಂತದ ಸಾವನ್ನು ಪತ್ರದಲ್ಲಿ ಹೇಗೆ ಬರೆಯಬೇಕೆಂದು ವೈದ್ಯರಿಗೆ ತರಬೇತಿಯೇ ಇರಲಿಲ್ಲ ಎಂದು ಆಮೇಲಿನ ತನಿಖಾ ವರದಿ ಹೇಳಿತು. ಸ್ಮಶಾನ ನಡೆಸುವವರಿಗೆ, ಪತ್ರಕರ್ತರಿಗೆ ಇದು ಆಗಲೇ ಗೊತ್ತಿತ್ತು. ಕೋವಿಡ್ ಕಾಲದಲ್ಲಿ ನಮ್ಮಲ್ಲೂ ಎದ್ದ ತಗಾದೆ ಇದೇ ಅಲ್ಲವೇ.

2018ರ ಮೇ ತಿಂಗಳಲ್ಲಿ ಹಾರ್ವರ್ಡ್ ತಂಡ ಮನೆಮನೆ ಸಮೀಕ್ಷೆಯಿಂದ 4,645 ಎಂಬ ಅಂದಾಜು ಕೊಟ್ಟಿತು. ಆದರೆ ಆ ಅಂದಾಜಿನ ವ್ಯಾಪ್ತಿ 793ರಿಂದ 8,498ರವರೆಗೆ. ನಡುವಿನ ಸಂಖ್ಯೆಯನ್ನು ಮಾತ್ರ ಹಿಡಿದು ಕೂಗುವುದು ಸರಿಯಲ್ಲ. ಆಗಸ್ಟ್ 28ರಂದು ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ವರದಿ ಬಂತು. ಸೆಪ್ಟೆಂಬರಿನಿಂದ ಫೆಬ್ರುವರಿವರೆಗಿನ ಆರು ತಿಂಗಳಲ್ಲಿ ಸಾಮಾನ್ಯಕ್ಕಿಂತ ಎಷ್ಟು ಹೆಚ್ಚು ಜನ ಸತ್ತರು ಎಂದು ದಾಖಲೆಗಳಿಂದ ಲೆಕ್ಕ ಹಾಕಿ 2,975 ಎಂದಿತು. ಸರ್ಕಾರ ಒಪ್ಪಿಕೊಂಡ ಸಂಖ್ಯೆ ಇದೇ. ನಾನು ಬರೆಯುವಾಗ ಬಳಸುವುದೂ ಇದನ್ನೇ. ಹೆಚ್ಚು ದಿನ ಹೆಚ್ಚು ಜನ ಸತ್ತದ್ದು ಬಡ ಊರುಗಳಲ್ಲಿ ಮತ್ತು 65 ದಾಟಿದ ಗಂಡಸರಲ್ಲಿ.

ಈ ಎರಡು ವರದಿಗಳ ನಡುವೆ, ಜೂನ್ 1ರಂದು, ಸಾನ್ ಹ್ವಾನ್‌ನ ಶಾಸನಸಭೆಯ ಮುಂದೆ ಯಾರೋ ಒಂದು ಜೊತೆ ಚಪ್ಪಲಿ ಇಟ್ಟರು, ಮತ್ತೊಬ್ಬರು ಇನ್ನೊಂದು ಜೊತೆ. ಸಂಜೆಗೆ ಸಾವಿರಾರು ಜೊತೆ. ಕೆಲಸಗಾರರ ಬೂಟು, ಅಜ್ಜಿಯ ಮನೆಚಪ್ಪಲಿ, ಮಗುವಿನ ಅಂಗೈಯಗಲದ ಶೂ. ಕೆಲವದರೊಳಗೆ ಹೆಸರು, ವಯಸ್ಸು ಬರೆದ ಚೀಟಿ. ಸರ್ಕಾರದ ಪಟ್ಟಿಯಲ್ಲಿ ಆಗಲೂ 64.

ಕಡಲತೀರಕ್ಕೆ ಹೆಚ್ಚು ಏಟೋ, ಬೆಟ್ಟಕ್ಕೋ?

ಎರಡಕ್ಕೂ, ಬೇರೆ ಬೇರೆ ರೀತಿ. ಪೂರ್ವ ತೀರದ ಉಮಕಾವೊ, ನಾಗ್ವಾಬೊ ಕಡೆ ಕಡಲು ಆರರಿಂದ ಒಂಬತ್ತು ಅಡಿಯವರೆಗೆ ನೆಲದ ಮೇಲೇರಿತು. ಉತ್ತರದಲ್ಲಿ ಲಾ ಪ್ಲಾಟಾ ನದಿಯ ನೆರೆ ಟೋವಾ ಬಾಹಾ ಪಟ್ಟಣಕ್ಕೆ ನುಗ್ಗಿ ಜನ ಮಾಡು ಹತ್ತಿ ಕೂತರು. ಕಾಗ್ವಾಸ್ ಬಳಿ ಒಟ್ಟು ಬಿದ್ದ ಮಳೆ 960 ಮಿಲಿಮೀಟರ್. ಆಗುಂಬೆಯವರಿಗೆ ಇದು ದೊಡ್ಡ ಸಂಖ್ಯೆಯಲ್ಲ ಅನಿಸಬಹುದು, ಆದರೆ ಹೆಚ್ಚಿನದು ಎರಡು ದಿನದೊಳಗೆ ಸುರಿದದ್ದು.

ಬೆಟ್ಟಗಳಲ್ಲಿ 70 ಸಾವಿರಕ್ಕೂ ಹೆಚ್ಚು ಕಡೆ ಗುಡ್ಡ ಜರಿಯಿತು. ಮರುವರ್ಷದ ಆಗಸ್ಟಿನಲ್ಲಿ ಮಡಿಕೇರಿ ಸುತ್ತ ಗುಡ್ಡಗಳು ಜಾರಿ ಬಂದದ್ದನ್ನು ಕಂಡವರಿಗೆ ಈ ಸಂಖ್ಯೆ ಓದಿದರೆ ಮೈ ನಡುಗೀತು. ವಾಯವ್ಯದ ಗ್ವಾಹತಾಕಾ ಅಣೆಕಟ್ಟಿನ ಕೋಡಿ ಕೊರೆದುಹೋಗಿ, ಕೆಳಗಿನ 70 ಸಾವಿರ ಜನರಿಗೆ ಊರು ಬಿಡಿ ಎಂದರು. ಹೆಲಿಕಾಪ್ಟರ್‌ನಿಂದ ಕಲ್ಲಿನ ಚೀಲ ಇಳಿಸಿ ಅದನ್ನು ಹೇಗೋ ಉಳಿಸಿಕೊಂಡರು. ನಲ್ಲಿ ನೀರಿಲ್ಲದ ಹಳ್ಳಿಗಳಲ್ಲಿ ಜನ ತೊರೆಯ ನೀರು ಕುಡಿದರು, ಇಲಿಜ್ವರ ಏರಿತು. ನಮ್ಮ ಗದ್ದೆ ಬಯಲಿನವರಿಗೆ ಪರಿಚಯದ ಕಾಯಿಲೆಯೇ ಅದು.

ಕಾಫಿ ತೋಟಗಳ ಗತಿ?

ಕೊಡಗು, ಚಿಕ್ಕಮಗಳೂರಿನವರು ತಪ್ಪದೆ ಕೇಳುವ ಪ್ರಶ್ನೆ. ಆದುಂತಾಸ್, ಹಯೂಯಾ, ಲಾರೆಸ್, ಉತುವಾದೊ ಊರುಗಳ ಬೆಟ್ಟಗಳಲ್ಲಿ ಅರೇಬಿಕಾ ಬೆಳೆಯುತ್ತಾರೆ. ಮಾರಿಯಾ ಬಂದದ್ದು ಕೊಯ್ಲು ಶುರುವಾದ ಹೊತ್ತಿಗೆ. ಹಣ್ಣು ಹೋಯಿತು, ಗಿಡ ಹೋಯಿತು, ನೆರಳಿನ ಮರಗಳೂ ಹೋದವು. ದ್ವೀಪದ ಒಟ್ಟು ಬೆಳೆಯ ಮೌಲ್ಯದಲ್ಲಿ 80 ಶೇಕಡಾ ನಾಶ ಎಂದು ಅಲ್ಲಿನ ಕೃಷಿ ಇಲಾಖೆ ಹೇಳಿತು. ಹೊಸ ಕಾಫಿ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ, ನೆರಳು ತಲೆಯೆತ್ತಲು ಅದಕ್ಕೂ ಹೆಚ್ಚು. ಅಷ್ಟರವರೆಗೆ ಕಾರ್ಮಿಕರು ಕಾಯುತ್ತಾರೆಯೇ?

ಇದು ಮೊದಲ ಸಲವೂ ಅಲ್ಲ. 1899ರ ಆಗಸ್ಟ್ 8ರಂದು ಬಂದ ಸಾನ್ ಸಿರಿಯಾಕೊ ಚಂಡಮಾರುತ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದು, ಯುರೋಪಿನಲ್ಲಿ ಹೆಸರು ಮಾಡಿದ್ದ ಪೋರ್ಟೊ ರಿಕೊ ಕಾಫಿಯ ಬೆನ್ನು ಮುರಿದಿತ್ತು. ಆಗ ಕೆಲಸ ಕಳೆದುಕೊಂಡ ಸಾವಿರಾರು ಜನ ಹವಾಯಿ ದ್ವೀಪದ ಕಬ್ಬಿನ ಗದ್ದೆಗಳಿಗೆ ಹೊರಟುಹೋದರು. ಮಾರಿಯಾ ನಂತರದ ಒಂದು ವರ್ಷದಲ್ಲೂ ದ್ವೀಪದ ಜನಸಂಖ್ಯೆ ಸುಮಾರು 1.3 ಲಕ್ಷ ಇಳಿಯಿತು. ಈ ಸಲ ಹೋದದ್ದು ಫ್ಲೋರಿಡಾದಂಥ ಕಡೆಗಳಿಗೆ.

ಭಾರತದ ಮಂಗಗಳಿಗೂ ಮಾರಿಯಾಗೂ ಏನು ಸಂಬಂಧ?

ಪೋರ್ಟೊ ರಿಕೊದ ಪೂರ್ವ ತೀರದಾಚೆ ಕಾಯೊ ಸಾಂತಿಯಾಗೊ ಎಂಬ 15 ಹೆಕ್ಟೇರಿನ ಪುಟ್ಟ ದ್ವೀಪವಿದೆ. 1938ರಲ್ಲಿ ವಿಜ್ಞಾನಿ ಕ್ಲಾರೆನ್ಸ್ ಕಾರ್ಪೆಂಟರ್ ಭಾರತದಿಂದ ನಾನೂರಕ್ಕೂ ಹೆಚ್ಚು ರೀಸಸ್ ಮಂಗಗಳನ್ನು ಹಡಗಿನಲ್ಲಿ ತಂದು ಅಲ್ಲಿ ಬಿಟ್ಟರು. (ನಮ್ಮ ದೇವಸ್ಥಾನಗಳ ಬಳಿ ಬಾಳೆಹಣ್ಣು ಕಸಿಯುವ ಕೋತಿಯಲ್ಲ, ಅದರ ಉತ್ತರ ಭಾರತದ ದಾಯಾದಿ.) ಅವುಗಳ ಮರಿಮೊಮ್ಮಕ್ಕಳು ಇಂದಿಗೂ ಅಲ್ಲಿವೆ, ಪ್ರತಿಯೊಂದರ ವಂಶವೂ ದಾಖಲಾಗಿದೆ.

ಮಾರಿಯಾ ಆ ದ್ವೀಪದ ಹಸಿರಿನ ಅರ್ಧಕ್ಕಿಂತ ಹೆಚ್ಚನ್ನು ಬೋಳಿಸಿತು. ಮಂಗಗಳು ಬಹುಪಾಲು ಬದುಕಿದವು, ನೆರಳು ಬದುಕಲಿಲ್ಲ. ನಡುಹಗಲು ಬಿಸಿಲಿನ ನೆಲ 40 ಡಿಗ್ರಿ. ರೀಸಸ್ ಎಂದರೆ ಮಹಾ ಜಗಳಗಂಟ ಜಾತಿ, ಮೇಲುಕೀಳು ಬಲು ಕಟ್ಟುನಿಟ್ಟು. ಇದ್ದಬದ್ದ ನೆರಳಿಗಾಗಿ ಹೊಡೆದಾಡಿ ಸಾಯುತ್ತವೆ ಎಂದು ಸಂಶೋಧಕರು ಎಣಿಸಿದ್ದರೆ, ಆದದ್ದು ತಿರುಗುಮುರುಗು. ಒಂದು ಕಾಂಡದ ಕಿರಿದಾದ ನೆರಳಿನ ಪಟ್ಟಿಯಲ್ಲಿ, ಹಿಂದೆ ಹತ್ತಿರ ಸುಳಿಯಲೂ ಬಿಡದಿದ್ದವುಗಳೇ ಸಾಲಾಗಿ ಒತ್ತಿಕೊಂಡು ಕೂತವು. ಸಿಡುಕು ಕಡಿಮೆಯಾಯಿತು, ಗೆಳೆತನ ಹರಡಿತು. ಪಕ್ಕದವರನ್ನು ಸಹಿಸಿದ ಮಂಗಗಳೇ ಮುಂದಿನ ವರ್ಷಗಳಲ್ಲಿ ಹೆಚ್ಚು ಬದುಕಿದವು ಎಂದು 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಜೊತೆಗೇ ಇನ್ನೊಂದು ಸಂಗತಿ: ಚಂಡಮಾರುತ ಕಂಡ ಮಂಗಗಳ ರಕ್ತಕಣಗಳು ವಯಸ್ಸಿಗಿಂತ ಸುಮಾರು ಎರಡು ವರ್ಷ ಮುದಿಯಾಗಿದ್ದವು.

ಹಕ್ಕಿಗಳ ಕಥೆ ಅಷ್ಟು ಸುಖದ್ದಲ್ಲ. ಎಲ್ ಯುಂಕೆ ಮಳೆಕಾಡಿನಲ್ಲಿ ದಶಕಗಳಿಂದ ಜತನದಿಂದ ಬೆಳೆಸಿದ್ದ ಪೋರ್ಟೊ ರಿಕೊ ಗಿಳಿಗಳ ಕಾಡಿನ ಗುಂಪು ಪೂರ್ತಿ ನಾಶವಾಯಿತು. ಪಂಜರದಲ್ಲಿ ಸಾಕಿದ್ದವು ಉಳಿದವು, ಅವುಗಳಿಂದಲೇ ಮತ್ತೆ ಆರಂಭ.

ಬಾರ್ಬುಡಾ ದ್ವೀಪ ಖಾಲಿಯಾದದ್ದು ಮಾರಿಯಾದಿಂದಲೇ?

ಅಲ್ಲ, ಇರ್ಮಾದಿಂದ. ಸೆಪ್ಟೆಂಬರ್ 6ರಂದು ಇರ್ಮಾ ಬಡಿದ ಮೇಲೆ ಸುಮಾರು 1,600 ಜನರನ್ನೂ ದೋಣಿ ಹತ್ತಿಸಿ ಪಕ್ಕದ ಆಂಟಿಗುವಾಕ್ಕೆ ಒಯ್ದರು. ಮುನ್ನೂರು ವರ್ಷಗಳಲ್ಲಿ ಮೊದಲ ಬಾರಿ ಆ ದ್ವೀಪದಲ್ಲಿ ವಾಸಿಸುವವರು ಯಾರೂ ಇಲ್ಲದಾದರು. ಜಮೀನು ಊರಿಗೆಲ್ಲ ಸೇರಿದ್ದೆಂಬ ಅಲ್ಲಿನ ಹಳೆಯ ಪದ್ಧತಿಯ ಮೇಲೆ ಆಮೇಲೆ ಎದ್ದ ಜಗಳ ಬೇರೆಯೇ ಪುಟ ಬೇಡುತ್ತದೆ.

ಅಮೆರಿಕದ ಆಸ್ಪತ್ರೆಗಳಲ್ಲಿ ಸಲೈನ್ ಖಾಲಿಯಾದದ್ದು ಇದರಿಂದಲೇ?

ಹೌದು. ಔಷಧ ಬೆರೆಸಿ ಹನಿಹನಿಯಾಗಿ ಬಿಡುವ ಸಣ್ಣ ಸಲೈನ್ ಚೀಲಗಳ ದೊಡ್ಡ ಪಾಲು ಪೋರ್ಟೊ ರಿಕೊದ ಕಾರ್ಖಾನೆಗಳಿಂದ ಬರುತ್ತಿತ್ತು. ಕರೆಂಟಿಲ್ಲದೆ ಅವು ನಿಂತವು. ಮುಖ್ಯಭೂಮಿಯ ಆಸ್ಪತ್ರೆಗಳಲ್ಲಿ ನರ್ಸ್‌ಗಳು ಸಿರಿಂಜ್ ಹಿಡಿದು ನಿಮಿಷಗಟ್ಟಲೆ ಕೈಯಾರೆ ಔಷಧ ಒತ್ತಬೇಕಾಯಿತು.

ಇದಕ್ಕೆ ಹವಾಮಾನ ಬದಲಾವಣೆ ಕಾರಣವೇ?

ಮಾರಿಯಾವನ್ನು ಹುಟ್ಟಿಸಿದ್ದು ಅದೇ ಎಂದರೆ ತಪ್ಪು. ಕೆರಿಬಿಯನ್‌ಗೆ ಚಂಡಮಾರುತ ಹೊಸದಲ್ಲ, ಹೆಸರು ಕೊಟ್ಟವರೇ ಅವರು. ಆದರೆ ಬಿಸಿ ಗಾಳಿ ಹೆಚ್ಚು ನೀರು ಹೊರುತ್ತದೆ, ಬಿಸಿ ಕಡಲು ಹೆಚ್ಚು ಬಲ ಕೊಡುತ್ತದೆ. 1956ರಿಂದ ಪೋರ್ಟೊ ರಿಕೊ ಕಂಡ 129 ಬಿರುಗಾಳಿಗಳ ಮಳೆಯನ್ನು 2019ರ ಒಂದು ಅಧ್ಯಯನ ಅಳೆದು ನೋಡಿತು. ಎಲ್ಲಕ್ಕಿಂತ ಹೆಚ್ಚು ಸುರಿದದ್ದು ಮಾರಿಯಾ; ಅಂಥ ಮಳೆಯ ಸಾಧ್ಯತೆ 1950ರ ದಶಕಕ್ಕಿಂತ ಈಗ ಸುಮಾರು ಐದು ಪಟ್ಟು. ಡೊಮಿನಿಕಾದ ಪ್ರಧಾನಿ ಸ್ಕೆರಿಟ್ ಐದೇ ದಿನದಲ್ಲಿ ವಿಶ್ವಸಂಸ್ಥೆಯಲ್ಲಿ ನಿಂತು, ತಾನು ಯುದ್ಧರಂಗದಿಂದ ನೇರ ಬಂದಿದ್ದೇನೆ ಎಂದರು. ಡೊಮಿನಿಕಾ ಉಗುಳಿದ ಇಂಗಾಲ ಈ ಲೆಕ್ಕದಲ್ಲಿ ಕಾಣಿಸುವಷ್ಟೂ ಇಲ್ಲ.

ಕರ್ನಾಟಕದ ಕರಾವಳಿಗೆ ಇಂಥದ್ದು ಬಂದೀತೇ?

ಅರಬ್ಬಿ ಸಮುದ್ರದ ಚಂಡಮಾರುತಗಳು ಸಾಮಾನ್ಯವಾಗಿ ಗುಜರಾತ್ ಕಡೆಗೋ ಒಮಾನ್ ಕಡೆಗೋ ತಿರುಗುತ್ತವೆ. ನಮಗೆ ಸಿಗುವುದು ಅವುಗಳ ಮಗ್ಗುಲು. 2021ರ ಮೇಯಲ್ಲಿ ತೌಕ್ತೆ ದೂರದಲ್ಲೇ ಹಾದುಹೋದರೂ ಉಳ್ಳಾಲ, ಸೋಮೇಶ್ವರದ ತೀರದ ಮನೆಗಳು ಕಡಲ ಪಾಲಾದವು. ನೇರ ಏಟು ಅಪರೂಪ, ಅಸಾಧ್ಯ ಅಲ್ಲ. 2019ರ ಕ್ಯಾರ್ ಅರಬ್ಬಿ ಸಮುದ್ರದಲ್ಲೂ ಸೂಪರ್ ಸೈಕ್ಲೋನ್ ಆಗುತ್ತದೆ ಎಂದು ತೋರಿಸಿತು. ಈ ವಿಷಯದಲ್ಲಿ ನನಗೆ ಹೆಚ್ಚು ಹತ್ತಿರ ಕಾಣುವುದು ಲಕ್ಷದ್ವೀಪ. ಮಾರಿಯಾ ಬಂದ ವರ್ಷವೇ, ಡಿಸೆಂಬರ್ ಆರಂಭದಲ್ಲಿ, ಓಖಿ ಅದರ ಮೇಲೆ ಹಾದುಹೋಯಿತು. ಆ ದ್ವೀಪಗಳ ತರಕಾರಿ, ಕಲ್ಲು, ಸಿಮೆಂಟು ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕು ದೋಣಿಗಳಲ್ಲಿ ಹೋಗುತ್ತದೆ. ದ್ವೀಪದ ಅಡುಗೆಮನೆ ಇನ್ನೊಂದು ದಡದ ಬಂದರಿನಲ್ಲಿದ್ದರೆ ಏನಾಗುತ್ತದೆಂದು ಸಾನ್ ಹ್ವಾನ್ ಕಂಡಿದೆ.

ಪೋರ್ಟೊ ರಿಕೊದ ಕರೆಂಟು ಈಗ ಸರಿಯಾಗಿದೆಯೇ?

2021ರ ಜೂನಿನಲ್ಲಿ ವಿತರಣೆಯನ್ನು ಖಾಸಗಿ ಕಂಪನಿಗೆ ಕೊಟ್ಟರು. 2022ರ ಸೆಪ್ಟೆಂಬರ್ 18ರಂದು, ಮಾರಿಯಾಗೆ ಐದು ವರ್ಷ ತುಂಬಲು ಎರಡು ದಿನ ಇರುವಾಗ, ಫಿಯೋನಾ ಬಂತು. ಬರೀ 1ನೇ ವರ್ಗ. ಇಡೀ ದ್ವೀಪ ಮತ್ತೆ ಕತ್ತಲು. ಈಗ ಅಲ್ಲಿ ಕೈಯಲ್ಲಿ ಸ್ವಲ್ಪ ಕಾಸಿದ್ದವರು ಮಾಡಿನ ಮೇಲೆ ಸೌರ ಫಲಕ, ಕೆಳಗೆ ಬ್ಯಾಟರಿ ಇಟ್ಟುಕೊಳ್ಳುತ್ತಾರೆ.

ಮಾರಿಯಾ ಎಂಬ ಹೆಸರು ಮತ್ತೆ ಬರುತ್ತದೆಯೇ?

ಅಟ್ಲಾಂಟಿಕ್‌ನಲ್ಲಿ ಬರುವುದಿಲ್ಲ. (ಕನ್ನಡದ ಕಿವಿಗೆ ಅದರೊಳಗೆ ‘ಮಾರಿ’ ಕೇಳಿಸುವುದು ಕಾಕತಾಳೀಯ, ಅಲ್ಲಿ ಅದು ಮನೆಮನೆಯ ಹೆಣ್ಣುಮಗಳ ಹೆಸರು.) ಅಲ್ಲಿ ಹೆಸರುಗಳ ಆರು ಪಟ್ಟಿಗಳಿವೆ, ಆರು ವರ್ಷಕ್ಕೊಮ್ಮೆ ಅದೇ ಪಟ್ಟಿ ತಿರುಗಿ ಬರುತ್ತದೆ. ಹೆಚ್ಚು ಹಾನಿ ಮಾಡಿದ ಹೆಸರನ್ನು ವಿಶ್ವ ಹವಾಮಾನ ಸಂಸ್ಥೆ ಕಾಯಂ ಆಗಿ ತೆಗೆದುಹಾಕುತ್ತದೆ. ಮಾರಿಯಾ ಜಾಗಕ್ಕೆ ಮಾರ್ಗೊ ಎಂಬ ಹೆಸರು ಬಂತು. 2023ರ ಸೆಪ್ಟೆಂಬರಿನಲ್ಲಿ ಅದರ ಸರದಿ. ಮಾರ್ಗೊ ಚಂಡಮಾರುತವಾಗಿಯೂ ಬೆಳೆಯಿತು, ಕೆಲವು ದಿನ ನಡುಕಡಲಿನಲ್ಲಿ ಸುತ್ತಾಡಿತು, ಯಾವ ನೆಲವನ್ನೂ ಮುಟ್ಟದೆ ಅಲ್ಲೇ ಕರಗಿತು.